ಏರುನೀರ ದೊಣೆಗೆ ಆ ಹೆಸರು ಬಂದ ಬಗೆ

ಕರೇಕಲ್ಲುದುರ್ಗದ ಬೆಟ್ಟದ ಪಡುವಣ ಮೈಯಲ್ಲಿ, ಎರಡನೆಯ ಸುತ್ತಿನ ಕೋಟೆಗೋಡೆಯನ್ನೂ ದಾಟಿ ಮೇಲೆ ಹೋದರೆ, ಎರಡು ಹೆಬ್ಬಂಡೆಗಳ ನಡುವೆ ಒಂದು ದೊಣೆ ಸಿಗುತ್ತದೆ. ಬಂಡೆಯೇ ತಾನಾಗಿ ತಗ್ಗಾಗಿ ನೀರು ಹಿಡಿದುಕೊಂಡಿರುವ ಇಂಥ ಗುಂಡಿಗಳು ಈ ಸೀಮೆಯ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ಆದರೆ ಸುತ್ತಲಿನ ದೊಣೆಗಳೆಲ್ಲ ಶಿವರಾತ್ರಿಯ ಹೊತ್ತಿಗೆ ಒಣಗಿ ಬಿರುಕು ಬಿಟ್ಟರೂ ಇದರಲ್ಲಿ ಮಾತ್ರ ಮೊಣಕಾಲುದ್ದ ನೀರು ನಿಂತೇ ಇರುತ್ತದೆ. ಬುಡದ ರಸ್ತೆಯಲ್ಲಿ ನೆಟ್ಟಿರುವ ಫಲಕದಲ್ಲಿ ಇದಕ್ಕೆ ಏರುನೀರ ದೊಣೆ ಎಂದು ಬರೆದಿದೆ. ಓದಿದವರು ಮೇಲೆ ಬಂದು ಬಗ್ಗಿ ನೋಡುತ್ತಾರೆ. ಹುಣ್ಣಿಮೆಗೆ ನೀರು ಏರುತ್ತದಂತೆ, ಅಮಾವಾಸ್ಯೆಗೆ ಇಳಿಯುತ್ತದಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ನೀರು ಎಂದೂ ಏರಿದ್ದಿಲ್ಲ. ಬೆಟ್ಟದ ಬುಡದ ಕುಂಬಾರಗೇರಿಯ ಹಿರಿಯರನ್ನು ಕೇಳಿದರೆ ಅವರು ನಕ್ಕು, ಹೆಸರಿನ ಕಥೆಯೇ ಬೇರೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ದುರ್ಗವನ್ನು ಚಿಕ್ಕಬೊಮ್ಮನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನ ಅರಮನೆಯಲ್ಲಿ ನಾಲ್ಕು ಭಾಷೆಗಳಿಗೆ ಮನ್ನಣೆಯಿತ್ತು. ಊರಿನದು ಕನ್ನಡ, ರಾಣಿವಾಸದ್ದು ತೆಲುಗು, ಲೆಕ್ಕಪತ್ರದ್ದು ಮರಾಠಿ, ದೊಡ್ಡ ಸುಲ್ತಾನರಿಗೆ ಬರೆಯುವ ಅರಿಕೆಗಳದ್ದು ಪಾರಸಿ. ಚಾವಡಿಯಲ್ಲಿ ದೂರು ಕೊಡುವವನೂ ದೂರಿಗೆ ಉತ್ತರ ಹೇಳುವವನೂ ಈ ನಾಲ್ಕರಲ್ಲಿ ಒಂದನ್ನು ಆಡಬೇಕು. ಅದರಾಚೆಗಿನದು ಮಾತಲ್ಲ, ಬರೀ ಸದ್ದು ಎಂಬುದು ಅಲ್ಲಿನ ಕಟ್ಟಳೆ. ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ, ಯಾಕೆಂದರೆ ನಾಲ್ಕನ್ನೂ ಅರಿಯದವರು ಆ ಬೆಟ್ಟದ ಕಡೆಗೆ ಬರುವುದೇ ಅಪರೂಪವಾಗಿತ್ತು.

ಒಂದು ಬೇಸಿಗೆಯಲ್ಲಿ ಬಡಗಣ ದಿಕ್ಕಿನ ಯಾವುದೋ ದಂಡು ಈ ದಾರಿಯಾಗಿ ಹಾದುಹೋಯಿತು. ದಂಡಿನ ಹಿಂದೆ ಹುಲ್ಲು ಕೊಯ್ಯುವವರು, ಸೌದೆ ಹೊರುವವರು, ಅವರ ಹೆಂಡಿರು ಮಕ್ಕಳು ಸಾಲುಗಟ್ಟಿ ನಡೆದಿದ್ದರು. ಎಲ್ಲ ದಾಟಿಹೋದ ಮೇಲೆ ಹುಣಸೆಮರದ ಕೆಳಗೆ ಒಬ್ಬಳು ಹುಡುಗಿ ಉಳಿದಿದ್ದಳು. ಹನ್ನೆರಡರ ಆಸುಪಾಸಿನ ಪ್ರಾಯ. ಮೈ ಕೆಂಡದಂತೆ ಸುಡುತ್ತಿತ್ತು. ಪಕ್ಕದಲ್ಲಿ ಅವಳ ತಾಯಿ ಮಲಗಿದಂತೆ ಇದ್ದಳು, ಆದರೆ ಉಸಿರಿರಲಿಲ್ಲ. ಊರವರು ಓಡಿಬಂದು ನೋಡಿದಾಗ ಹುಡುಗಿ ಒಣಗಿದ ತುಟಿ ಬಿಚ್ಚಿ ಒಂದೇ ಮಾತನ್ನು ಹೇಳಿದಳು: "ಏರ್... ಏರ್..."

ಊರವರು ಕಟುಕರೇನಲ್ಲ. ಹುಡುಗಿ ಬೆಟ್ಟದ ಕಡೆಗೆ ಮುಖ ಮಾಡಿ ಏರು ಏರು ಎನ್ನುತ್ತಿದ್ದಾಳೆ, ಮೇಲಿನ ಗುಡಿಯ ಅವ್ವನಿಗೆ ಹರಕೆ ಇರಬೇಕು, ಅದು ತೀರದೆ ಜ್ವರ ಬಿಡದು ಎಂದು ಅವರಿಗೆ ತೋರಿತು. ತಾಯಿಯನ್ನು ಮಣ್ಣು ಮಾಡಿ, ಮಗಳನ್ನು ಇಬ್ಬರು ಹೆಗಲು ಕೊಟ್ಟು ಆ ಉರಿಬಿಸಿಲಿನಲ್ಲಿ ಬೆಟ್ಟ ಹತ್ತಿಸಿದರು. ದಾರಿಯುದ್ದಕ್ಕೂ ಅವಳು ಏರ್ ಎಂದು ಬೇಡುತ್ತಲೇ ಇದ್ದಳು. ಅವರು ಇನ್ನಷ್ಟು ಬೇಗ ಹತ್ತಿಸಿದರು. ಮೇಲೆ ದೊಣೆ ಕಂಡದ್ದೇ ತಡ, ಹುಡುಗಿ ಕೈಬಿಡಿಸಿಕೊಂಡು ಓಡಿ, ನೀರಿಗೆ ಮುಖವಿಟ್ಟು ದನ ಕುಡಿಯುವಂತೆ ಕುಡಿದಳು. ಕುಡಿದು ಹಿಂದಿರುಗಿ ನೋಡಿ ಗಳಗಳನೆ ಅತ್ತು ಏನೇನೋ ಹೇಳಿದಳು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಅವಳನ್ನು ಮನೆಗೆ ಕರೆದುಕೊಂಡವರು ಕುಂಬಾರ ಬೋರಯ್ಯ, ಅವನ ಹೆಂಡತಿ ಕಾಟವ್ವ. ಅವರಿಗೆ ಮಕ್ಕಳಿರಲಿಲ್ಲ. ಆದರೆ ಹುಡುಗಿ ಬಾಯಿ ತೆರೆದಾಗಲೆಲ್ಲ ಕೇರಿಯವರು ಬೆಚ್ಚುತ್ತಿದ್ದರು. ಇದು ಮನುಷ್ಯರ ಮಾತಲ್ಲ, ಸತ್ತ ತಾಯಿಯ ಗಾಳಿ ಇವಳ ಬಾಯಲ್ಲಿ ಕೂತು ಆಡುತ್ತಿದೆ ಎಂದು ಹಬ್ಬಿತು. ಮಂತ್ರವಾದಿ ಬಂದ. ಬೇವಿನ ಸೊಪ್ಪಿನಿಂದ ಬೆನ್ನಿಗೆ ಬಡಿದು, ಮೆಣಸಿನಕಾಯಿಯ ಹೊಗೆ ಹಾಕಿ, "ಯಾರು ನೀನು? ಹೇಳು!" ಎಂದು ಗದರಿದ. ಕೇಳುತ್ತಿರುವುದನ್ನು ಊಹಿಸಿಕೊಂಡು ಅವಳು ತಾನು ಯಾರೆಂದು ಹೇಳಿದಳು. ಹೇಳಿದಷ್ಟೂ ಹೊಗೆ ಹೆಚ್ಚಾಯಿತು. ಕೊನೆಗೊಂದು ದಿನ ಅವಳು ಬಾಯಿ ಮುಚ್ಚಿಕೊಂಡಳು, ಅಂದಿಗೆ ಹೊಗೆಯೂ ನಿಂತಿತು. ಗಾಳಿ ಬಿಟ್ಟುಹೋಯಿತು, ಹೋಗುವಾಗ ನಾಲಗೆಯನ್ನೂ ಒಯ್ದಿತು ಎಂದು ಜನ ಸಮಾಧಾನಪಟ್ಟರು. ಅವಳಿಗೆ ಮೂಗವ್ವ ಎಂದು ಹೆಸರಾಯಿತು.

ಮೂಗವ್ವ ಮಣ್ಣು ಕಲಸಿದಳು, ಮಡಕೆ ತಟ್ಟಿದಳು, ಆವಿಗೆಗೆ ಬೆಂಕಿ ಹಾಕಿದಳು. ವರ್ಷ ಕಳೆಯುವುದರೊಳಗೆ ಕನ್ನಡವೆಲ್ಲ ಅವಳಿಗೆ ತಿಳಿಯತೊಡಗಿತ್ತು. ಕಾಟವ್ವನಿಗೆ ದಿನವಿಡೀ ಮಾತಾಡುವ ಚಾಳಿ. ಉತ್ತರ ಕೊಡದ ಈ ಮಗಳ ಮುಂದೆ ಅವಳು ಗಂಡನ ಮುಂಗೋಪದಿಂದ ಹಿಡಿದು ನೆರೆಯವಳು ಕದ್ದ ಕಾಯಿಯಲ್ಲಿ ಮಾಡಿದ ಸಾರಿನವರೆಗೆ ಎಲ್ಲವನ್ನೂ ಹರವುತ್ತಿದ್ದಳು. ಎಷ್ಟೋ ಸಲ ಉತ್ತರ ಮೂಗವ್ವನ ನಾಲಗೆಯ ತುದಿಗೆ ಬಂದು ನಿಂತದ್ದುಂಟು. ಆದರೆ ಬಾಯಿ ತೆರೆಯಹೋದರೆ ಬೇವಿನ ಕಹಿವಾಸನೆ ಮೂಗಿಗೆ ಬಡಿದು ಮಾತು ಒಳಗೇ ಉಳಿಯುತ್ತಿತ್ತು. ಒಂದು ಮಾತು ಹೊರಬಿದ್ದರೆ ಮತ್ತೆ ಹೊಗೆ. ಹೀಗೆ ನಾಳೆ ಆಡೋಣ, ನಾಡಿದ್ದು ಆಡೋಣ ಎನ್ನುತ್ತ ವರ್ಷಗಳೇ ಉರುಳಿದವು. ಇಷ್ಟು ಕಾಲ ಸುಮ್ಮನಿದ್ದು ಈಗ ಮಾತಾಡಿದರೆ ಏನೆಂದುಕೊಂಡಾರು ಎಂಬ ನಾಚಿಕೆಯೂ ಸೇರಿಕೊಂಡಿತು.

ಅವಳು ಮಾತಾಡುತ್ತಿದ್ದದ್ದು ದೊಣೆಯ ಬಳಿ ಮಾತ್ರ. ನೀರಿಗೆಂದು ಒಬ್ಬಳೇ ಹೋದಾಗ, ಆಚೆ ಈಚೆ ನೋಡಿ, ತಾಯಿ ಆಡುತ್ತಿದ್ದ ಮಾತುಗಳನ್ನು ಬಂಡೆಗೆ ಕೇಳಿಸುವಷ್ಟು ಮೆಲ್ಲಗೆ ಆಡುತ್ತಿದ್ದಳು. ಬೆಂಕಿ, ಕೊಡಲಿ, ಅಕ್ಕ, ಮಳೆ. ಆಡಲು ಜೊತೆಯಿಲ್ಲದ ಮಾತು ಉಳಿಯುವುದು ಕಷ್ಟ. ಒಂದು ವರ್ಷ ಬಾಚಣಿಗೆಗೆ ಏನನ್ನುತ್ತಾರೆಂಬುದು ಮರೆತುಹೋಯಿತು. ಇನ್ನೊಂದು ವರ್ಷ ಗಿಳಿಯ ಹೆಸರು ಹೋಯಿತು. ಅಂದು ಅವಳು ಕೊಡ ತುಂಬುವುದನ್ನೂ ಬಿಟ್ಟು, ಬಂಡೆಗೆ ತಲೆಯಾನಿಸಿ, ಗಿಳಿಗಾಗಿ ಸತ್ತವರಿಗೆ ಅಳುವಂತೆ ಅತ್ತಳು.

ಹೀಗಿರಲು ಒಂದು ಚೈತ್ರದಲ್ಲಿ, ನೆರೆಯ ಪಾಳೆಯಪಟ್ಟಿನವರು ದುರ್ಗಕ್ಕೆ ಲಗ್ಗೆಯಿಡುವರೆಂಬ ಸುದ್ದಿ ಹರಡಿತು. ಕೋಟೆಯ ಕಾವಲು ಇಮ್ಮಡಿಯಾಯಿತು. ಒಂದು ಸಂಜೆ ಪಡುವಣ ಗೋಡೆಯ ಕೆಳಗೆ ಹತ್ತು ಹನ್ನೆರಡು ಮಂದಿ ಅಪರಿಚಿತರು ಕಾಣಿಸಿಕೊಂಡರು. ಗಂಡಸರು, ಹೆಂಗಸರು, ಒಬ್ಬ ಕುಂಟ, ಒಬ್ಬಳು ಹಣ್ಣುಮುದುಕಿ. ಅವರು ಗೋಡೆಯ ಮೇಲಿನವರತ್ತ ಕೈಚಾಚಿ "ಏರ್! ಏರ್!" ಎಂದು ಕೂಗುತ್ತಿದ್ದರು. ಗೋಡೆ ಏರಿರೆಂದು ಹಿಂದಿನ ದಂಡಿಗೆ ಕೂಗುತ್ತಿದ್ದಾರೆಂದು ಕಾವಲಿನವರು ಕಹಳೆ ಊದಿ, ಇಳಿದುಬಂದು ಎಲ್ಲರನ್ನೂ ಹಿಡಿದು ಸೊಂಟಕ್ಕೆ ಸಾಲುಹಗ್ಗ ಕಟ್ಟಿದರು. ಹಿಂದೆ ಯಾವ ದಂಡೂ ಸಿಗಲಿಲ್ಲ. ಆದರೂ ಬೆದರಿದ ಕೋಟೆಗೆ ಅನುಮಾನ ಕಳೆಯಲಿಲ್ಲ.

ಬೆಳಗಾದ ಮೇಲೆ ಚಾವಡಿ ಸೇರಿತು. ದುಭಾಷಿ ತ್ರಿಯಂಬಕ ಪಂತರು ಸೆರೆಯಾದವರನ್ನು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಮರಾಠಿಯಲ್ಲಿ, ಕೊನೆಗೆ ಪಾರಸಿಯಲ್ಲಿ ಕೇಳಿದರು. ಅವರು ತಮ್ಮ ತಮ್ಮಲ್ಲಿ ಗುಜುಗುಜು ಆಡಿಕೊಂಡರೇ ಹೊರತು ಉತ್ತರವಿಲ್ಲ. ದಳವಾಯಿ ಮುದ್ದಯ್ಯನೆಂದ, "ಬೇಹಿನವರು, ದೊರೆ. ತಿಳಿಯದವರ ಹಾಗೆ ನಟಿಸುತ್ತಾರೆ. ಗೋಡೆ ಏರಿ ಎಂದು ಅಚ್ಚಗನ್ನಡದಲ್ಲೇ ಕೂಗಿದ್ದನ್ನು ಕಾವಲಿನವರೆಲ್ಲ ಕೇಳಿದ್ದಾರೆ. ಕಮರಿಗೆ ತಳ್ಳಿಸಿಬಿಡಿ."

ನಾಯಕ ಪಂತರ ಕಡೆಗೆ ತಿರುಗಿದ. "ನೀವೇನನ್ನುತ್ತೀರಿ?"

"ಇವರಾಡುವುದು ನನಗೆ ಬಾರದ ಭಾಷೆ, ಪ್ರಭು," ಎಂದರು ಪಂತರು. "ಏನು ಹೇಳುತ್ತಿದ್ದಾರೆಂದು ನಾನು ಹೇಳಲಾರೆ. ಆದರೆ ಏನೂ ಹೇಳುತ್ತಿಲ್ಲವೆಂದು ಹೇಳಲೂ ನನ್ನ ನಾಲಗೆ ಏಳದು. ಅರಿಯುವವರು ಸಿಗುವತನಕ ಕಾಯಬೇಕು."

"ಅರಿಯುವವರು ಬರುವಷ್ಟರಲ್ಲಿ ಕೋಟೆ ಹೋಗಿರುತ್ತದೆ. ನಾಲ್ಕರ ಹೊರಗಿನದು ಮಾತಲ್ಲ ಎಂಬ ಕಟ್ಟಳೆ ಇದ್ದೇ ಇದೆ," ಎಂದ ದಳವಾಯಿ. ನಾಯಕ ಗದ್ದ ಕೆರೆದುಕೊಂಡ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಎಂದು ತಲೆಯಾಡಿಸಿದ.

ಅರಮನೆಯ ಅಡಿಗೆಮನೆಗೆ ಹೊಸ ಮಡಕೆ ಕೊಡಲು ಬಂದಿದ್ದ ಕಾಟವ್ವ, ಮೂಗವ್ವ ಚಾವಡಿಯ ಕಂಬದ ಬಳಿ ಜನರ ನಡುವೆ ನಿಂತಿದ್ದರು. ಸೆರೆಯವರನ್ನು ಎಬ್ಬಿಸುವಾಗ ಮುದುಕಿ ಎಡವಿ ಬಿದ್ದಳು. ಬಿದ್ದವಳು ಒಣಗಿದ ಬಾಯಿ ತೆರೆದು ಮೆಲ್ಲಗೆ ಒಂದೇ ಮಾತು ಹೇಳಿದಳು. ಮೂಗವ್ವನಿಗೆ ಅದು ಕೇಳಿಸಿತು. ಹುಣಸೆಮರ, ಉರಿಬಿಸಿಲು, ಹೆಗಲು ಕೊಟ್ಟು ತನ್ನನ್ನು ಎಳೆದವರ ಬೆವರಿನ ವಾಸನೆ ಎಲ್ಲ ಒಮ್ಮೆಗೇ ಬಂದವು. ಹಿಂದೆಯೇ ಬೇವು ಬಂತು, ಹೊಗೆ ಬಂತು. ಕಂಕುಳಲ್ಲಿದ್ದ ಕೊಡವನ್ನು ಅವಳು ಎದೆಗವಚಿಕೊಂಡಳು. ಭಟರು ಮುದುಕಿಯ ರಟ್ಟೆಗೆ ಕೈಹಾಕಿದರು.

ಮೂಗವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಾಯಿಯ ಮಾತಿನಲ್ಲಿ ಏನೋ ಕೇಳಿದಳು. ದನಿ ಒಡೆದಿತ್ತು, ಮಗುವಿನ ದನಿಯಂತಿತ್ತು. ಸೆರೆಯವರೆಲ್ಲ ಒಟ್ಟಿಗೇ ಮಾತಾಡತೊಡಗಿದರು, ಮುದುಕಿಯಂತೂ ಅವಳ ಕೆನ್ನೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ.

"ಗಾಳಿ! ಹಳೇ ಗಾಳಿ ಮತ್ತೆ ಹಿಡಕೊಂತು!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ನಾಲ್ಕಾರು ಮಂದಿ ಹಿಡಿಯಲು ನುಗ್ಗಿದರು. ಕಾಟವ್ವ ಸೆರಗು ಸಿಕ್ಕಿಸಿ ಅಡ್ಡ ನಿಂತಳು. "ಯಾವನಾದ್ರೂ ನನ್ನ ಮಗಳ ಮೈ ಮುಟ್ಟಿದ್ರೆ ಈ ಮಡಕೆ ಅವನ ತಲೆ ಮ್ಯಾಲೆ ಒಡೀತದೆ! ದೊರೆಗಳು ಇಲ್ಲೇ ಕುಂತವ್ರೆ. ಏನು ಹೇಳ್ತಾಳೋ ಕೇಳ್ರಿ ಮೊದ್ಲು."

ಆಗ ಮೂಗವ್ವ ಎದ್ದು ನಾಯಕನ ಕಡೆ ತಿರುಗಿದಳು. ಬಂದದ್ದು ಕನ್ನಡ, ಅದೂ ಥೇಟು ಕಾಟವ್ವನದೇ ಕುಂಬಾರಗೇರಿಯ ಕನ್ನಡ. "ದೊರೆ, ಇವರು ಗೋಡೆ ಏರ್ತೀವಿ ಅನ್ನಲಿಲ್ಲ. ಇವರ ಮಾತ್ನಾಗೆ ಏರ್ ಅಂದ್ರೆ ನೀರು. ಯಾವುದೋ ದಂಡಿನೋರು ಬಿಟ್ಟಿ ಹೊರೆ ಹೊರಿಸಿಕೊಂಡು ಬಂದು ಹಾದ್ಯಾಗೆ ಬಿಟ್ಟುಹೋದ್ರಂತೆ. ಊರಿಗೆ ಹೊಂಟೋರು. ನಿನ್ನೆಯಿಂದ ನೀರು ಕುಡಿದಿಲ್ಲ. ನೀರು ಕೇಳ್ತಾವ್ರೆ, ಅಷ್ಟೆಯಾ."

ಮುದ್ದಯ್ಯನೇ ಮೊದಲು ಬಾಯಿಬಿಟ್ಟ. "ಇವಳೂ ಅವರವಳೇ. ಬಾಯಿಗೆ ಬಂದದ್ದು ಹೇಳಿದರೆ ಕಂಡವರಾರು?"

"ಕಾಣಬಹುದು," ಎಂದರು ಪಂತರು. ಅವರ ಮುಖ ಅರಳಿತ್ತು. "ಪ್ರಭುಗಳು ಇವಳ ಕಿವಿಯಲ್ಲಿ ಒಂದು ಅಪ್ಪಣೆ ಹೇಳಲಿ. ಕೈಸನ್ನೆ ಮಾಡದೆ ಇವಳು ಅದನ್ನು ಆಡಲಿ. ಅವರು ಹಾಗೆಯೇ ಮಾಡಿದರೆ ಅದು ಮಾತು."

ನಾಯಕ ಅವಳನ್ನು ಹತ್ತಿರ ಕರೆದು ಪಿಸುಗುಟ್ಟಿದ: ಮುದುಕಿ ತನ್ನ ಎಡಗೈಯ ಬಳೆ ತೆಗೆದು ಹಿಂದಿರುವ ಕುಂಟನ ಮಡಿಲಿಗೆ ಹಾಕಲಿ. ಮೂಗವ್ವ ಎರಡೂ ಕೈಗಳಲ್ಲಿ ಕೊಡ ಹಿಡಿದುಕೊಂಡು ನಿಂತಳು. ಬಳೆ ಎಂಬುದು ನೆನಪಿತ್ತು. ತೆಗೆ ಎಂಬುದೂ ಇತ್ತು. ಎಡ ಎಂಬುದು ಇರಲಿಲ್ಲ. ಎಷ್ಟು ತಡಕಿದರೂ ಅದು ಸಿಗಲಿಲ್ಲ. ಗಿಳಿ ಹಾರಿಹೋದ ದಾರಿಯಲ್ಲೇ ಅದೂ ಹೋಗಿತ್ತು. ದಳವಾಯಿ ಮೀಸೆಯಲ್ಲೇ ನಕ್ಕ. ಆಗ ಅವಳಿಗೆ ಉಣ್ಣುವಾಗ ತಾಯಿ ಗದರುತ್ತಿದ್ದದ್ದು ನೆನಪಾಯಿತು. ಉಣ್ಣದ ಕೈ, ಎಂದಳು ಅವಳು ತನ್ನ ಮಾತಿನಲ್ಲಿ. ಅಜ್ಜಿ, ಉಣ್ಣದ ಕೈಯ ಬಳೆ ತೆಗೆದು ಹಿಂದಿನ ಕುಂಟಣ್ಣನಿಗೆ ಕೊಡು.

ಮುದುಕಿ ಎಡಗೈಯ ಹಿತ್ತಾಳೆ ಬಳೆಯನ್ನು ತಿರುವಿ ತಿರುವಿ ಕಳಚಿದಳು, ತಿರುಗಿ ಕುಂಟನ ಮಡಿಲಿಗೆ ಹಾಕಿದಳು.

ಚಿಕ್ಕಬೊಮ್ಮನಾಯಕ ಹಿಡಿದಿದ್ದ ಉಸಿರನ್ನು ಬಿಟ್ಟದ್ದು ಬಾಗಿಲಿನವರಿಗೂ ಕೇಳಿಸಿತಂತೆ. "ಕಟ್ಟು ಬಿಚ್ಚಿ," ಎಂದ. "ಮೊದಲು ನೀರು ತನ್ನಿ. ಅಯ್ಯೋ ಶಿವನೇ, ನೀರು ಕೇಳಿದವರನ್ನು ಕಮರಿಗೆ ತಳ್ಳುತ್ತಿದ್ದೆನಲ್ಲ!" ಮೇಲಿನ ದೊಣೆಯಿಂದ ಕೊಡಗಟ್ಟಲೆ ನೀರು ಬಂತು. ಅವರು ಕುಡಿಯುವುದನ್ನು ನೋಡುತ್ತಾ ಊರಿನ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆತಗ್ಗಿಸಿದರು. ಹುಡುಗಿಯನ್ನು ಹೆಗಲು ಕೊಟ್ಟು ಬೆಟ್ಟ ಹತ್ತಿಸಿದ್ದವರು ಅವರೇ. ಮೂಗವ್ವ ತಾನೇ ಹೋಗಿ ಅವರಿಗೂ ನೀರು ಕೊಟ್ಟಳು.

ಗದ್ದಲ ಅಡಗಿದ ಮೇಲೆ ಕಾಟವ್ವ ಮಗಳನ್ನು ಮೂಲೆಗೆ ಎಳೆದಳು. "ಇಷ್ಟು ವರ್ಸ ನಾನು ಗೊಣಗಿದ್ದೆಲ್ಲ ನಿಂಗೆ ತಿಳೀತಿತ್ತೇನೇ?"

"ಹೂಂ ಕಣವ್ವ."

"ನಿಮ್ಮಪ್ಪನ ಬಗ್ಗೆ ಅಂದಿದ್ದೂ?"

"ಅದೂವೆ."

ಕಾಟವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗು ಯಾವಾಗಲೋ ಅಳುವಾಗಿ, ಮಗಳನ್ನು ಅಪ್ಪಿಕೊಂಡು, "ಇನ್ನೊಂದ್ಸಲ ಅವ್ವ ಅನ್ನು" ಎಂದಳು.

ಬಂದವರು ದಣಿವಾರುವ ತನಕ ಕುಂಬಾರಗೇರಿಯಲ್ಲೇ ಉಳಿದರು. ಮೂಗವ್ವ ಮುದುಕಿಯ ಬಳಿ ಕೂತು ಬಾಚಣಿಗೆಯ ಹೆಸರನ್ನು, ಗಿಳಿಯ ಹೆಸರನ್ನು, ಎಡಗೈಯ ಹೆಸರನ್ನು ಕೇಳಿ ಕೇಳಿ ಪಡೆದುಕೊಂಡಳು. ಹೊರಡುವ ದಿನ ಅವರು ಜೊತೆಗೆ ಬಾ ಎಂದು ಕರೆದರು. ಅವಳು ಬೆಟ್ಟದ ತಿರುವಿನವರೆಗೆ ಹೋಗಿ ಕಳುಹಿಸಿ ಹಿಂದಿರುಗಿದಳು. ತಾಯಿ ಇಟ್ಟ ಹೆಸರು ಜಂಗೂ ಎಂದು ಅಂದೇ ಊರಿಗೆ ತಿಳಿದದ್ದು. ಪಂತರು ಅವಳನ್ನು ಚಾವಡಿಗೆ ಕರೆಸಿಕೊಂಡು, ಭಾಷೆ ತಿಳಿಯದವರು ಯಾರೇ ಬಂದರೂ ಮೊದಲು ನೀರು ಕೊಡಬೇಕು, ಅರಿಯುವವರು ಸಿಗುವತನಕ ತೀರ್ಪು ಹೇಳಕೂಡದು ಎಂಬ ಹೊಸ ಕಟ್ಟಳೆಯನ್ನು ನಾಯಕನಿಂದ ಸಾರಿಸಿದರು ಎನ್ನುತ್ತಾರೆ. ದೊಣೆಯನ್ನು ಜಂಗೂ ಏರ್ ಎಂದಳು, ಊರವರು ನೀರು ಎಂದರು. ಎರಡೂ ಕೂಡಿಕೊಂಡು ಏರುನೀರು ಆಯಿತು. ಅವಳ ಮಾತು ಗೊಂಡರದೆಂದು ತಿಳಿದವರು ಹೇಳುತ್ತಾರೆ. ಆ ಕಡೆಯ ಕಾಡುಗಳಲ್ಲಿ ಇಂದಿಗೂ ನೀರಿಗೆ ಏರ್ ಎನ್ನುವವರಿದ್ದಾರಂತೆ.

ಈಗ ಮೇಲೆ ಹೋದವರಿಗೆ ದೊಣೆಯ ಅಂಚಿನ ಬಂಡೆಯಲ್ಲಿ ಕೊಡ ಹಿಡಿದ ಹೆಣ್ಣಿನ ಉಬ್ಬುಗೆತ್ತನೆ ಕಾಣುತ್ತದೆ. ಕುಂಬಾರಗೇರಿಯವರು ಮದುವೆಯ ಮೊದಲ ಮಡಕೆಯನ್ನು ಅದರ ಮುಂದಿಟ್ಟು ಅರಿಸಿನ ಹಚ್ಚುತ್ತಾರೆ. ಮಾತು ತಡವಾದ ಕೂಸುಗಳನ್ನು ತಾಯಂದಿರು ಎತ್ತಿಕೊಂಡು ಬಂದು ಅಲ್ಲಿನ ನೀರನ್ನು ತುಟಿಗೆ ಸವರುತ್ತಾರೆ. ಆ ಹೆಣ್ಣಿನ ಬಾಯಿ ತೆರೆದಿದೆ. ಹೊರಗಿನಿಂದ ಬಂದವರು ಉಗ್ರದೇವತೆಯೇ ಎಂದು ಹೆದರಿ ಕೇಳುವುದುಂಟು. ಅಲ್ಲಿನವರು ಅಲ್ಲವೆಂದು ತಲೆಯಾಡಿಸಿ, ಆಕೆ ಮಾತಾಡುತ್ತಿದ್ದಾಳೆ ಎನ್ನುತ್ತಾರೆ.