ಬಾವಿಯ ಮೇಲೆ ಹಗ್ಗ ಹಿಡಿದವನು

“ಮಾವ, ಕಣ್ಣು ಮುಚ್ಚಿ ದೇವರ ಮುಂದೆ ಕೂತರೆ ನನಗೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆತನು ನನ್ನನ್ನು ಹಿಡಿದಿದ್ದಾನೆ ಎಂದು ನಂಬುವುದು ಹೇಗೆ?”

ಹೀಗೆ ಕೇಳಿದವಳು ಸಲೋಮಿ. ಗುರುವಾರ ಅವಳಿಗೆ ಹೃದಯದ ಆಪರೇಷನ್. ಕೇಳಿಸಿಕೊಂಡವರು ಊರಿನ ಕ್ರೈಸ್ತ ಸಭೆಯ ಉಪದೇಶಿ ಸತ್ಯದಾಸಪ್ಪ. ಅವಳಿಗೆ ಸೋದರಮಾವ, ವೇದಪಾಠ ಕಲಿಸಿದ ಗುರುವೂ ಹೌದು.

“ಸರಿಯಾದವನನ್ನೇ ಕೇಳಿದೆ,” ಎಂದರು ಉಪದೇಶಿಗಳು. “ಇದಕ್ಕೆ ಉತ್ತರ ಗೊತ್ತಿರುವವರು ಇಡೀ ಜಿಲ್ಲೆಯಲ್ಲಿ ಇಬ್ಬರೇ. ಇನ್ನೊಬ್ಬನ ಹೆಸರು ನನಗೆ ನೆನಪಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಬಾವಿ ತೋಡುವವನಿದ್ದ. ಅವನಿಗೊಬ್ಬ ಅಣ್ಣ. ತಮ್ಮನಾದವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು, ಅಣ್ಣ ಮೇಲೆ ಕೂತು ಹಗ್ಗ ಹಿಡಿಯಬೇಕು. ಒಮ್ಮೆ ನೀರಿಲ್ಲದ ಊರಿನವರು ಬತ್ತಿದ ಬಾವಿಯನ್ನು ಇನ್ನಷ್ಟು ತೋಡಲು ಅವರನ್ನು ಕರೆದರು. ಎಂಥ ಬಾವಿ ಅಂತೀಯ? ಬೆಳಿಗ್ಗೆ ಬಗ್ಗಿ ಕೆಮ್ಮಿದರೆ ಊಟದ ಹೊತ್ತಿಗೆ ಕೆಮ್ಮು ವಾಪಸು ಬರುತ್ತಿತ್ತು. ಇದು ನಾನು ಕಡಿಮೆ ಮಾಡಿ ಹೇಳಿದ್ದು. ನಿಜ ಹೇಳಿದರೆ ನೀನು ನಂಬುವುದಿಲ್ಲ.

ಅಷ್ಟು ಆಳದಿಂದ ಕೂಗಿದರೆ ಮೇಲಿದ್ದವರಿಗೆ ಕೇಳದು. ಅದಕ್ಕೇ ಅವರ ಕಸುಬಿನಲ್ಲಿ ಒಂದು ಕಟ್ಟಳೆ. ಕೆಳಗಿನವನು ಹಗ್ಗ ಜಗ್ಗಿದರೆ ಮೇಲಿನವನು ಯಾಕೆ ಏನು ಎನ್ನದೆ ಎಳೆದುಕೊಳ್ಳಬೇಕು. ಉಸಿರು ಕಟ್ಟಿದವನು ಕಾರಣ ಹೇಳುತ್ತಾ ಕೂರುವುದಿಲ್ಲವಲ್ಲ.

ತಮ್ಮ ಇಳಿದ. ತಲೆಯೆತ್ತಿ ನೋಡಿದ. ಆಕಾಶದ ಚೂರು ಕಂಡಿತು, ಅಣ್ಣ ಕಾಣಲಿಲ್ಲ. ಹಗ್ಗ ಜಗ್ಗಿದ. ಅಣ್ಣ ಏದುಸಿರು ಬಿಡುತ್ತಾ ಮೇಲಕ್ಕೆಳೆದ.

“ಏನಾಯಿತೋ?”

“ಏನಿಲ್ಲ. ನೀನಿದ್ದೀಯೋ, ಬೀಡಿ ಸೇದಲು ಹೋದೆಯೋ ಎಂದು ನೋಡಿದೆ.”

ಅಣ್ಣ ನಕ್ಕು ಮತ್ತೆ ಇಳಿಸಿದ. ಹಾರೆಯ ಏಟು ನಾಲ್ಕು ಬಿದ್ದಿತೋ ಇಲ್ಲವೋ, ಮತ್ತೆ ಹಗ್ಗ ಜಗ್ಗಿತು. ಮಧ್ಯಾಹ್ನದವರೆಗೂ ಇದೇ ನಡೆಯಿತು. ಮಣ್ಣು ಮೇಲೆ ಬರಲಿಲ್ಲ, ತಮ್ಮನೇ ಬರುತ್ತಿದ್ದ. ಖಾಲಿ ಕೊಡ ಹಿಡಿದು ಕಾಯುತ್ತಿದ್ದ ಹೆಂಗಸೊಬ್ಬಳು, “ನೀರು ಸೇದಿಕೊಡಪ್ಪಾ ಅಂದರೆ ಬೆಳಗಿನಿಂದ ತಮ್ಮನನ್ನೇ ಸೇದುತ್ತಿದ್ದೀಯಲ್ಲ,” ಎಂದಳು.

ಆಗಷ್ಟೇ ಮೇಲೆ ಬಂದಿದ್ದ ತಮ್ಮನಿಗೆ ನಾಚಿಕೆಯಾಯಿತು. “ಅಣ್ಣ, ನೀನು ಬಾವಿಕಟ್ಟೆಗೆ ಬಂದು ಬಗ್ಗಿ ಮುಖ ತೋರಿಸುತ್ತಿರು. ಆಗ ನಾನು ಜಗ್ಗುವುದಿಲ್ಲ,” ಎಂದ.

“ಹಿಂದೆ ಕೂತು ಈ ಬಂಡೆಗೆ ಕಾಲೊತ್ತಿರುವುದರಿಂದಲೇ ನಿನ್ನ ಭಾರ ತಡೆಯುತ್ತಿದ್ದೇನೆ ಕಣೋ. ಮುಖ ತೋರಿಸಲು ಎದ್ದು ಬಂದರೆ ಇಬ್ಬರೂ ಒಳಗೇ.”

ಹೀಗೆಂದು ಅಣ್ಣ ಹಗ್ಗ ಸರಿಮಾಡಿಕೊಳ್ಳಲು ಕೈ ಬಿಚ್ಚಿದ. ತಮ್ಮನಿಗೆ ಅಣ್ಣನ ಅಂಗೈ ಕಂಡಿತು. ಹಗ್ಗ ಉಜ್ಜಿ ಉಜ್ಜಿ ಚರ್ಮ ಕಿತ್ತುಹೋಗಿತ್ತು. ಬೆಳಗಿನಿಂದ ಅಣ್ಣ ಅದರ ಮಾತೇ ಎತ್ತಿರಲಿಲ್ಲ. ಜಗ್ಗಿದಾಗ ಒಮ್ಮೆಯೂ ಎಳೆಯದೆ ಇರಲಿಲ್ಲ.

ತಮ್ಮ ಮತ್ತೆ ಇಳಿದ. ಆಮೇಲೆ ಹಗ್ಗ ಜಗ್ಗಿದ್ದು ಹೊತ್ತು ಮುಳುಗುವಾಗ. ಮೇಲೆ ಬಂದವನ ಕಾಲು ಮೊಣಕಾಲಿನವರೆಗೂ ಒದ್ದೆಯಾಗಿತ್ತು. ಆ ನೀರಿನ ರುಚಿಯ ಬಗ್ಗೆ ಹೇಳಲು ಶುರುಮಾಡಿದರೆ ಗುರುವಾರ ಬಂದುಬಿಡುತ್ತದೆ, ಇರಲಿ.

ಸಲೋಮಿಗೆ ನಗು ಬಂತು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

“ಆ ತಮ್ಮನೇ ವಾಸಿ, ಮಾವ. ಮೇಲೆ ಬಂದಾಗಲೆಲ್ಲ ಅವನಿಗೆ ಅಣ್ಣನ ಮುಖ ಕಾಣುತ್ತಿತ್ತು. ಗುರುವಾರ ನನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ನಾನು ಯಾರ ಮುಖ ನೆನೆಯಲಿ? ದೇವರ ಮುಖವನ್ನು ನಾನು ಒಂದು ಸಲವೂ ಕಂಡವಳಲ್ಲ.”

ಉಪದೇಶಿಗಳು ಅವಳ ತಲೆಯ ಮೇಲೆ ಕೈಯಿಟ್ಟರು.

“ಮುಖ ಕಂಡಿಲ್ಲ, ನಿಜ. ಶಿಲುಬೆಯ ಮೇಲೆ ಮೊಳೆ ಹೊಡೆಸಿಕೊಂಡ ಆ ಅಂಗೈಯ ಗುರುತೂ ನಿನಗಿಲ್ಲವೇ, ಮಗಳೇ?”