ಮಠದ ಬಾಗಿಲಿಗೆ ಬಂದ ಗಡಿಗೆಗಳು

ನದಿಯ ದಂಡೆಗೆ ಒಂದು ಮಠ. ಅಲ್ಲಿನ ಸ್ವಾಮಿಗಳನ್ನು ಊರವರು ಅಜ್ಜಾರು ಎಂದೇ ಕರೆಯುತ್ತಿದ್ದರು.

ಪುರಸಭೆ ಚುನಾವಣೆಯ ಎಣಿಕೆ ಮುಗಿದ ವಾರದಲ್ಲೇ, ಒಂದು ಬೆಳಿಗ್ಗೆ, ಹಲಗೆ ಬಾರಿಸಿಕೊಂಡು ಒಂದು ಗುಂಪು ಮಠಕ್ಕೆ ಬಂತು. ಮುಂದೆ ಅಡಿವೆಪ್ಪ. ಕೊರಳಲ್ಲಿ ಮಾಲೆ, ಕೆನ್ನೆಗೆ ಗುಲಾಲು, ಕೈಯಲ್ಲಿ ಪೇಡೆಯ ಡಬ್ಬಿ. ಹಿಂದೆ ಅವನ ಪಕ್ಷದಿಂದ ಅವನ ಜೊತೆ ಆರಿಸಿಬಂದ ಇನ್ನೂ ಎಂಟು ಮಂದಿ.

ಅಡಿವೆಪ್ಪ ಅಕ್ಷರ ಕಲಿತದ್ದು ಈ ಮಠದಲ್ಲೇ. ಈಗ ಪೇಟೆಯಲ್ಲಿ ಶೇಂಗಾ ವ್ಯಾಪಾರ. ಪಕ್ಷಕ್ಕೂ ಅವನೇ ಮುಖಂಡ.

ಬಾಗಿಲ ಮುಂದೆ ಯಾರೋ ಗಡಿಗೆಗಳನ್ನು ಒಟ್ಟಿದ್ದರು. ದಾರಿ ಇಕ್ಕಟ್ಟು. ಗುಂಪು ಹೊರಗೇ ನಿಂತಿತು. ಅಡಿವೆಪ್ಪ ಧೋತರ ಎತ್ತಿ ಹಿಡಿದು, ಗಡಿಗೆಗೆ ಕಾಲು ತಾಗದಂತೆ ದಾಟಿ ಒಳಗೆ ಬಂದ.

ಅಜ್ಜಾರು ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಆಶೀರ್ವಾದ ಬೇಕ್ರಿ ಅಜ್ಜಾರ."

"ಯಾತಕ್ಕ?"

"ನಮಗ ಒಂಬತ್ತು ಸೀಟು ಬಂದಾವ್ರಿ."

"ಹಂಗಾರ ಅಧಿಕಾರ ನಿಮ್ದಾತು."

"ಇಲ್ರಿ. ಅವರಿಗೆ ನಮಗಿಂತ ಹೆಚ್ಚು ಬಂದಾವು. ಅಧಿಕಾರ ಅವರ್ದ."

"ಮತ್ತ ಹಲಗಿ ಯಾಕ?"

ಅಡಿವೆಪ್ಪ ನಕ್ಕ. "ಎರಡು ಬಂದ್ರ ಹೆಚ್ಚು ಅಂತಿತ್ರಿ ಊರು. ಪೇಪರಿನವರು ನಮ್ಮ ಹೆಸರ ಬರೀಲಿಲ್ಲ. ಅಂಥಾದ್ರಾಗ ಒಂಬತ್ತು! ಗೆದ್ದವರ ಮಾರಿ ನೋಡಬೇಕಿತ್ತು ನೀವು. ಪೇಡೆ ಹಂಚೂದ ಮರತಿದ್ರು."

"ನೀನು ಎಷ್ಟು ಬರ್ತಾವ ಅಂದ್ಕೊಂಡಿದ್ದಿ?"

"ನಿಮ್ಮ ಮುಂದ ಸುಳ್ಳ್ಯಾಕ್ರಿ. ಮೂರು."

"ಮೂರು ಅಂದ್ಕೊಂಡವಗ ಒಂಬತ್ತು ಬರೂದು ಸಣ್ಣ ಮಾತಲ್ಲ."

ಅಡಿವೆಪ್ಪನಿಗೆ ಧೈರ್ಯ ಬಂತು. ಇನ್ನಷ್ಟು ಹತ್ತಿರ ಸರಿದು ಕುಳಿತ.

"ನಾಳೆ ಪೇಟ್ಯಾಗ ವಿಜಯೋತ್ಸವ ಇಟ್ಟೀವ್ರಿ. ನೀವು ವೇದಿಕಿ ಮ್ಯಾಲ ಕುಂದರಬೇಕು. ನೀವು ಬಂದ್ರ ಊರು ಇದನ್ನ ಗೆಲುವು ಅಂತ ಒಪ್ಪತೈತಿ. ಬರ್ಲಿಲ್ಲಂದ್ರ, ಸೋತು ಕುಣಿದ್ರು ಅಂತ ನಗತಾರ. ಬರ್ತಾರ ಅಂತ ಎಲ್ಲಾರಿಗೂ ಹೇಳಿಬಿಟ್ಟೀನ್ರಿ."

"ನನ್ನ ಕೇಳೂದಕ್ಕ ಮೊದಲ?"

ಅಡಿವೆಪ್ಪ ತಲೆ ಕೆರೆದುಕೊಂಡ.

"ಇರ್ಲಿ, ಬರ್ತೀನಿ. ಬಾಗಿಲ ಮುಂದಿನ ಗಡಿಗಿ ಯಾರವು?"

"ನೋಡ್ಲಿಲ್ರಿ."

"ಕೊರಳಾಗಿನ ಮಾಲಿ ತಗಿ. ಆ ಗಡಿಗಿ ಮಾರಾಕಿ ಕೈಲೆ ಅದನ್ನ ಮತ್ತ ಹಾಕಿಸ್ಕೊಂಡು ಬಾ. ಹಾಕಿದ್ಲಂದ್ರ ನಾಳೆ ನಾನು ಬಂದೆ ಅಂತ ತಿಳ್ಕೋ."

"ಇಷ್ಟ ಏನ್ರಿ?" ಎಂದು ಅಡಿವೆಪ್ಪ ಎದ್ದ.

ಗಡಿಗೆಗಳ ಆಚೆ, ಗೋಡೆಗೆ ಒರಗಿ ಫಕೀರವ್ವ ಕುಳಿತಿದ್ದಳು. ಬಿಸಿಲಿಗೆ ಸೆರಗು ಮುಖದವರೆಗೆ ಎಳೆದುಕೊಂಡಿದ್ದಳು. ಸಂತೆಯ ಬೇವಿನ ಮರದ ನೆರಳು ಅವಳ ಅತ್ತೆಯ ಕಾಲದಿಂದ ಅವಳ ಜಾಗ. ಅಂದು ಸಂತೆಯ ದಿನ.

"ಏನವ್ವ, ಸಂತಿ ಬಿಟ್ಟು ಇಲ್ಲಿ ಬಂದು ಕುಂತಿ?"

"ಎಬ್ಬಿಸಿದ್ರಲ್ರಿ ಸಾವ್ಕಾರ್ರ. ಗೆದ್ದವರ ಮಂದಿ ಬಂದು, ನಿನ್ನ ಬಾವುಟದ ಕೆಳಗ ಎಷ್ಟು ನೆರಳು ಬೀಳತೈತಿ ನೋಡ್ಕೊಂಡು ಅಲ್ಲೇ ಕುಂದರು ಹೋಗು ಅಂದ್ರು."

"ಯಾವಾಗ?"

"ಎಣಿಕಿ ಮುಗಿದ ದಿನಾನ. ಹೇಳೂಣು ಅಂತ ನಿಮ್ಮ ಮನಿಗೆ ಬಂದಿದ್ನಿ. ಸಾವ್ಕಾರ್ರು ಗುಲಾಲು ಆಡಾಕ ಹೋಗ್ಯಾರ ಅಂದ್ರು."

ಅಡಿವೆಪ್ಪ ಕೆನ್ನೆ ಒರೆಸಿಕೊಂಡ. ಗುಲಾಲು ಕೈಗೂ ಹತ್ತಿತು.

"ನೀನೂ ಎರಡೂ ಪಕ್ಷದ ಬಾವುಟ ಕಟ್ಟಬೇಕಿಲ್ಲೇನು? ನಿನ್ನ ಮಗ್ಗಲಿನ ಬಳಿಗಾರ ಎರಡೂ ಕಟ್ಟಿ ಆರಾಮ ಕುಂತಾನ."

"ನಾನೂ ಕಟ್ಟಾಕಿನ ಇದ್ದೆ. ನೀವ ಬಂದ್ರಲ್ರಿ. ಎರಡು ಯಾಕಬೇ, ಗೆದ್ದ ಗೆಲ್ತೀವಿ, ಒಂದ ಸಾಕು ಅಂದ್ರಿ. ನನ್ನ ಅಂಗಡಿ ಕೋಲಿಗೆ ನಿಮ್ಮ ಕೈಯಾರೆ ಕಟ್ಟಿ ಹೋದ್ರಿ."

ಹಿಂದೆ ಹಲಗೆಯವನು ಕಸ ಉರಿಸಿ ಹಲಗೆ ಕಾಯಿಸುತ್ತಿದ್ದ. ಅಡಿವೆಪ್ಪ ಅತ್ತ ನೋಡಿ, ಮತ್ತೆ ಇತ್ತ ತಿರುಗಿದ.

"ಇಲ್ಲಿ ವ್ಯಾಪಾರ ಹೆಂಗೈತಿ?"

"ವ್ಯಾಪಾರಸ್ಥರು ನೀವ ಹೇಳ್ರಿ. ಮಠಕ್ಕ ಬರೋರು ಕಾಯಿ ಕರ್ಪೂರ ತರ್ತಾರ. ಗಡಿಗಿ ಒಯ್ಯಾಕ ಯಾರು ಬರ್ತಾರ?"

ಅಡಿವೆಪ್ಪನ ಕೈಯಲ್ಲಿ ಮಾಲೆ ಇತ್ತು. ಒಳಗಿನಿಂದ ಅಜ್ಜಾರು ನೋಡುತ್ತಿರಬಹುದು ಅನ್ನಿಸಿತು.

"ಈ ಮಾಲಿ ಒಂಚೂರು ನನ್ನ ಕೊರಳಿಗೆ ಹಾಕವ್ವ. ಅಜ್ಜಾರು ಹೇಳ್ಯಾರ."

"ಯಾತರ ಮಾಲಿರಿ?"

"ಗೆದ್ದದ್ದು. ಮಂದಿ ಅಂದ್ಕೊಂಡಿದ್ದಕ್ಕಿಂತ ನಮಗ ಹೆಚ್ಚು ಬಂದಾವಲ್ಲ."

ಫಕೀರವ್ವ ಸೆರಗು ಹಿಂದೆ ಸರಿಸಿ ಅವನ ಮುಖ ನೋಡಿದಳು.

"ಮಂದಿ ಏನಂದ್ಕೊಂಡಿದ್ರೋ ನನಗ ಗೊತ್ತಿಲ್ರಿ. ನಾನು ನಿಮ್ಮ ಮಾತು ನಂಬಿದ್ದೆ. ನಾನು ಅಂದ್ಕೊಂಡಿದ್ದಕ್ಕಿಂತ ಕಡಿಮಿ ಬಂದಾವು."

ಸಿಟ್ಟಿನ ಮಾತಲ್ಲ. ಗಡಿಗೆಯಲ್ಲಿ ಸೀಳು ಇದೆ ಎಂದು ಹೇಳುವ ಹಾಗೆ ಹೇಳಿದಳು. ಆಮೇಲೆ ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಚಾಚಿದಳು.

"ತರ್ರಿ, ಹಾಕ್ತೀನಿ. ಅಜ್ಜಾರ ಮಾತು. ಬಗ್ರಿ ಒಂದೀಟು, ನಾ ಕುಂತೀನಿ."

ಅಡಿವೆಪ್ಪ ಬಗ್ಗಲಿಲ್ಲ.

ಮಾಲೆಯನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದ. ಅಜ್ಜಾರ ಮುಂದೆ ಹುಣಸೆಬೀಜ ಗುಡ್ಡೆಯಾಗಿತ್ತು.

"ಹಾಕಿದ್ಲೇನು?"

"ಹಾಕ್ತಿದ್ಲು. ನನಗ ಬಗ್ಗಾಕ ಆಗಲಿಲ್ಲ."

ಅಜ್ಜಾರು ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟರು.

"ನಿನ್ನ ಮನಸಿನ್ಯಾಗ ಮೂರು ಇತ್ತು. ಆಕಿಗೇನು ಹೇಳಿದ್ದಿ?"

"ಗೆದ್ದ ಗೆಲ್ತೀವಿ ಅಂತ."

"ಮೂರ ಬರೂದು ಅಂತ ಹೇಳಿದ್ರ?"

"ಬಾವುಟ ಕಟ್ಟಾಕ ಯಾರೂ ಕೋಲು ಕೊಡ್ತಿರಲಿಲ್ರಿ."

"ಅಂಗಡ್ಯಾಗ ಹಿಂಗ ಮಾತಾಡಿ ಮಾಲು ತಗೊಂಡಿದ್ರ?"

"ಮರುದಿನದಿಂದ ನನ್ನ ಅಂಗಡಿ ಕಟ್ಟಿ ಯಾರೂ ಹತ್ತತಿರಲಿಲ್ಲ."

ಅಡಿವೆಪ್ಪ ಮಾಲೆಯನ್ನು ನೆಲದ ಮೇಲಿಟ್ಟ. ಪೇಡೆಯ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದ.

"ನಾ ಸೋತೆ ಅಜ್ಜಾರ. ಹಲಗಿಯವರನ್ನ ಮನಿಗೆ ಕಳಿಸ್ತೀನಿ. ನಾಳಿಂದು ಏನೂ ಬ್ಯಾಡ. ರಾಜೀನಾಮಿ ಕೊಟ್ಟು ಅಂಗಡಿ ನೋಡ್ಕೊಂಡು ಇದ್ದುಬಿಡ್ತೀನಿ."

"ಇದೂ ಸಸ್ತಾದಾಗ ಮುಗಸಾಕ ನೋಡ್ತೀಯಲ್ಲೋ."

"ಮತ್ತ ಇದಕ್ಕ ಏನನ್ಬೇಕ್ರಿ? ಗೆಲುವು ಅಂದ್ರ ಆಕಿ ಮಾರಿ ನೋಡಾಕ ಆಗೂದಿಲ್ಲ. ಸೋಲು ಅಂದ್ರ ನೀವು ಸಸ್ತಾ ಅಂತೀರಿ."

ಅಜ್ಜಾರು ಎದ್ದರು. ಹುಣಸೆಹಣ್ಣಿನ ಕೈ ತೊಳೆದು, ಕಟ್ಟೆ ಇಳಿದು ಬಾಗಿಲಿಗೆ ನಡೆದರು. ಅಡಿವೆಪ್ಪ ಹಿಂದೆ ಹೋದ.

ಅಜ್ಜಾರನ್ನು ನೋಡಿ ಹಲಗೆ ಸುಮ್ಮನಾಯಿತು. ಎಂಟು ಮಂದಿ ಕೈಮುಗಿದರು. ಅವರು ಮಾಲೆಗಳನ್ನು ಇನ್ನೂ ತೆಗೆದಿರಲಿಲ್ಲ.

ಅಜ್ಜಾರು ಒಂದು ಗಡಿಗೆ ಎತ್ತಿ ಬೆರಳಿನಿಂದ ಬಾರಿಸಿ ನೋಡಿದರು. ಗಟ್ಟಿ ದನಿ ಕೊಟ್ಟಿತು.

"ಬೇವಿನ ಗಿಡದ ಕೆಳಗ ಈಗ ಯಾರದಾರ?"

"ಗೆದ್ದವರ ಪೈಕಿ ಒಬ್ಬಾಂವ ಚಹಾದಂಗಡಿ ಹಾಕ್ಯಾನ್ರಿ," ಎಂದಳು ಫಕೀರವ್ವ.

ಅಡಿವೆಪ್ಪ ಸಂತೆಯ ಕಡೆ ನೋಡಿದ. "ಸುಮ್ನ ಬಿಟ್ಟುಕೊಡೂ ಪೈಕಿ ಅಲ್ಲ. ಜಗಳ ಆಕ್ಕೈತಿ. ಪುರಸಭೆ ಮುಂದ ಕುಂದರಬೇಕಾಕ್ಕೈತಿ. ಎಷ್ಟು ದಿನಾನೋ."

ಫಕೀರವ್ವ ಎದ್ದು ನಿಂತಳು. ಇವರು ಏನು ಮಾಡುತ್ತಾರೆಂದು ಅವಳಿಗೆ ತಿಳಿಯಲಿಲ್ಲ.

ಅಜ್ಜಾರು ಆ ಗಡಿಗೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಸಂತೆಯ ದಾರಿಗೆ ತಿರುಗಿದರು.

"ಒಂಬತ್ತು ಬಂದಾವು ಅಂದಿಯಲ್ಲ, ಅಡಿವೆಪ್ಪ. ಒಬ್ಬೊಬ್ಬರು ಎಷ್ಟು ಗಡಿಗಿ ಹೊರ್ತೀರಿ?"