ಬಾತು ಮೀಟಿದ ಬಾಗಿಲು

ನಮ್ಮ ಮನೆತನ ಈ ಅಳಿವೆಯ ದಡದಲ್ಲಿ ಐದು ತಲೆಮಾರಿನಿಂದ ಇದೆ. ನನ್ನ ಮುತ್ತಜ್ಜ ಇಗರ್ಜಿಯ ಗುರಿಕಾರರು, ಚರ್ಚಿಗೆ ಸೇರಿದ ಮನೆಗಳಿಗೆಲ್ಲ ಹಿರಿಯರು. ನನ್ನ ತಾಯಿ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದವರು. ಒಳಗಿನಿಂದ ‘ಬನ್ನಿ’ ಎನ್ನುವ ಮೊದಲು ಇನ್ನೊಬ್ಬರ ಮನೆ ಹೊಕ್ಕವರು ನಮ್ಮಲ್ಲಿ ಒಬ್ಬರೂ ಇಲ್ಲ. ಇವತ್ತಿನವರೆಗೆ ಇರಲಿಲ್ಲ. ಆದ್ದರಿಂದ ಜಸಿಂತಾ, ಆ ಹೇರ್‌ಪಿನ್ ಮೇಜಿನ ಮೇಲಿಟ್ಟು, ನೆಟ್ಟಗೆ ಕೂತು ಕೇಳು.

ಲೋಕ ಇನ್ನೂ ಹೊಸದಾಗಿದ್ದಾಗ ಕಡಲು ಎಲ್ಲರಿಗೂ ಒಂದೊಂದು ಉಡುಗೊರೆ ಕೊಟ್ಟಿತು. ವರಟೆ ಬಾತಿಗೆ ಗರಿಗಳಿಗೆ ಸವರಿಕೊಳ್ಳಲು ಎಣ್ಣೆ ಕೊಟ್ಟಿತು, ನೀರು ಒಳಗೆ ಬಾರದಿರಲಿ ಎಂದು. ಕಡಲ ಬಸವನಹುಳುವಿಗೆ ಬಾಗಿಲಿರುವ ಚಿಪ್ಪು ಕೊಟ್ಟಿತು, ನೀರು ಹೊರಗೆ ಹೋಗದಿರಲಿ ಎಂದು.

ಬಾತಕ್ಕ ಅಳಿವೆಗೆ ಹೊಸಬಳು. ನೀರು ಇಳಿದಾಗ ಬಂಡೆಯ ಮೇಲೆ ನಡೆದು ಬಂದು ಬಸವನಹುಳುವಿನ ಬಾಗಿಲು ಬಡಿದಳು.

“ಚಿಪ್ಪಣ್ಣಾ, ಮನೆಯಲ್ಲಿದ್ದೀಯಾ?”

ಬಾಗಿಲು ಮುಚ್ಚಿತ್ತು.

ಮರುದಿನ ನೀರು ಇಳಿದಾಗ ಮತ್ತೆ ಬಂದಳು. ಮತ್ತೆ ಬಾಗಿಲು ಮುಚ್ಚಿತ್ತು.

“ಇದ್ದೂ ಇಲ್ಲದ ಹಾಗೆ ಕೂತಿದ್ದಾನೆ. ಏನು ಜಂಬ!” ಎಂದಳು.

“ಜಂಬ ಅಲ್ಲ ತಂಗಿ. ನೀರು ಏರಿದ ಮೇಲೆ ಬಾ,” ಎಂದಿತು ಗಾಳಿ.

“ಒದ್ದೆಯಾಗಿ ಯಾರಾದರೂ ಇನ್ನೊಬ್ಬರ ಮನೆಗೆ ಹೋಗುತ್ತಾರೆಯೇ?”

ಮೂರನೆಯ ದಿನ ಬಾತಕ್ಕ ಕೊಕ್ಕು ತೂರಿಸಿ ಬಾಗಿಲು ಮೀಟಿದಳು. ಒಳಗಿದ್ದ ಒಂದು ಗುಟುಕು ನೀರು ಸುಡುವ ಬಂಡೆಯ ಮೇಲೆ ಚೆಲ್ಲಿ ಆರಿಹೋಯಿತು.

“ಅಕ್ಕಾ, ಸಂಜೆಯವರೆಗೆ ನನಗಿದ್ದ ಉಸಿರೇ ಅದು,” ಎಂದ ಚಿಪ್ಪಣ್ಣ.

ಬಾತಕ್ಕ ಓಡಿದಳು. ಕೊಕ್ಕಿನಲ್ಲಿ ನೀರು ತಂದು ಸುರಿದಳು. ಮತ್ತೆ ಓಡಿದಳು, ಮತ್ತೆ ಸುರಿದಳು. ನೀರು ಏರಿ ಬಂದಾಗ ಚಿಪ್ಪಣ್ಣ ಇನ್ನೂ ಬದುಕಿದ್ದ. ಆದರೆ ಅವಳು ‘ತಪ್ಪಾಯಿತು’ ಎನ್ನುವಷ್ಟರಲ್ಲಿ ಅಲೆ ಅವನನ್ನು ಎತ್ತಿಕೊಂಡು ಹೋಯಿತು.

“ಅವನು ಎಲ್ಲಿ ಹೋದ?” ಎಂದು ಹೊಳೆಯನ್ನು ಕೇಳಿದಳು.

“ನೀರಿನಡಿ ಎಲ್ಲೋ ಇರಬೇಕು. ಹುಡುಕು. ಹೇಗೂ ನೀನು ಒದ್ದೆಯಾಗುವವಳಲ್ಲವಲ್ಲ!”

ಬಾತಕ್ಕ ತಲೆ ಮುಳುಗಿಸಿ ಹುಡುಕಿದಳು. ಅಳಿವೆಯಲ್ಲಿ ಹುಡುಕಿದಳು, ಹೊಳೆಯಲ್ಲಿ ಹುಡುಕಿದಳು, ಕೆರೆಯಲ್ಲೂ ಹುಡುಕಿದಳು. ಸಿಗಲಿಲ್ಲ. ಮಕ್ಕಳಿಗೂ ಅದನ್ನೇ ಕಲಿಸಿದಳು. ಮನೆತನದ ತಪ್ಪನ್ನು ಮನೆತನವೇ ಒಪ್ಪಿಕೊಳ್ಳಬೇಕು.

ಕಿಟಕಿಯಿಂದ ನೋಡು. ಬಾಲ ಮೇಲೆ, ತಲೆ ನೀರೊಳಗೆ. ಆ ಬಾತುಗಳು ಕ್ಷಮೆ ಕೇಳಲು ಇವತ್ತಿಗೂ ಚಿಪ್ಪಣ್ಣನನ್ನು ಹುಡುಕುತ್ತಿವೆ.

ಬೆಳಿಗ್ಗೆ ನೀನು ಪಿನ್ನಿನಿಂದ ಮೀಟಿದ ಬಸವನಹುಳುವನ್ನು ನಾನು ಕಡಲ ನೀರಿನ ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಅದಿನ್ನೂ ಇಲ್ಲೇ ಇದೆ.

ಹೋಗಿ ಕ್ಷಮೆ ಕೇಳು.